ಹಗಲು ದುಡಿಯುವವರಿಗೆ ಎಂ.ಎ. ಯಾವ ಹೊತ್ತಿಗೆ?

ಪ್ರವೇಶದ ಕಾಲ ಬಂತೆಂದರೆ ಮೈಸೂರಿನ ಲೈಟು ಕಂಬಗಳಿಗೆ ಬಿಡುವಿಲ್ಲ. ‘ಕೆಲಸ ಮಾಡುತ್ತಲೇ ಎಂ.ಎ.’, ‘ಮನೆಯಲ್ಲೇ ಕುಳಿತು ಎಂ.ಕಾಂ.’, ‘ಪಾಸು ಗ್ಯಾರಂಟಿ’ ಎಂದು ಚೀಟಿ ಅಂಟಿಸಿರುತ್ತಾರೆ. ಕೆಳಗೊಂದು ಮೊಬೈಲ್ ನಂಬರು. ಯಾವ ವಿಶ್ವವಿದ್ಯಾನಿಲಯದ ಡಿಗ್ರಿ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ದಪ್ಪ ಅಕ್ಷರದಲ್ಲಿರುತ್ತದೆ.

ಇಂಥ ಚೀಟಿ ಅಂಟಿಸುವವರನ್ನು ಬೈಯುವುದು ಸುಲಭ. ಆದರೆ ಗಿರಾಕಿ ಇಲ್ಲದೆ ಯಾವ ಅಂಗಡಿಯೂ ನಡೆಯುವುದಿಲ್ಲ ಎಂಬುದು ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ನಾವು ಹೇಳಿಕೊಡಬೇಕಾದ ಪಾಠವಲ್ಲ. ಕೆಲಸದಲ್ಲಿದ್ದುಕೊಂಡೇ ಮುಂದೆ ಓದಬೇಕು ಎನ್ನುವವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ನಂಜನಗೂಡಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಪದವೀಧರ ಇದ್ದಾನೆ. ಟಿಕೆಟ್ ಮಿಷನ್ನು ಹಿಡಿದು ನಿಂತ ಕಂಡಕ್ಟರ್ ಬಿ.ಎ. ಮಾಡಿರುತ್ತಾರೆ. ದೇವರಾಜ ಮಾರುಕಟ್ಟೆ ಆಸುಪಾಸಿನ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಹುಡುಗಿ ಬಿ.ಕಾಂ. ಫಸ್ಟ್ ಕ್ಲಾಸು. ಹುಣಸೂರಿನಿಂದಲೋ ತಿ. ನರಸೀಪುರದಿಂದಲೋ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮೇಷ್ಟ್ರುಗಳಂತೂ ಲೆಕ್ಕವಿಲ್ಲ. ಹೈಸ್ಕೂಲು ಮೇಷ್ಟ್ರು ಪಿ.ಯು. ಕಾಲೇಜಿಗೆ ಉಪನ್ಯಾಸಕರಾಗಬೇಕಾದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಅದಿಲ್ಲದೆ ಎಷ್ಟು ವರ್ಷ ಪಾಠ ಹೇಳಿದರೂ ಆ ಬಾಗಿಲು ತೆರೆಯದು.

ಬಡ್ತಿಗಾಗಿ ಓದುವವರನ್ನು ಕಂಡರೆ ಕೆಲವು ಪ್ರೊಫೆಸರುಗಳಿಗೆ ತಾತ್ಸಾರ. ‘ಸಂಬಳಕ್ಕೆ ಓದ್ತಾರೆ, ಜ್ಞಾನಕ್ಕಲ್ಲ’ ಅನ್ನುತ್ತಾರೆ. ಹೇಳುವವರು ತಿಂಗಳ ಕೊನೆಗೆ ಸಂಬಳ ಬಿಟ್ಟುಕೊಟ್ಟದ್ದನ್ನು ನಾವು ಕಂಡಿಲ್ಲ. ಇರಲಿ. ಬಡ್ತಿಯ ಆಸೆಗೆ ಶುರುಮಾಡಿದವರೇ ಆಮೇಲೆ ಇತಿಹಾಸದ ರುಚಿ ಹತ್ತಿ ಶಾಸನ ಹುಡುಕಿಕೊಂಡು ಊರೂರು ತಿರುಗುವುದುಂಟು. ಅಂಗಡಿ ಗಲ್ಲಾದ ಮೇಲೆ ಅರ್ಥಶಾಸ್ತ್ರದ ಪುಸ್ತಕ ಇಟ್ಟುಕೊಂಡವರಿಗೆ ಜಿ.ಎಸ್.ಟಿ. ಏಕೆ, ಹೇಗೆ ಎಂದು ಬೇರೆಯವರಿಗಿಂತ ಚೆನ್ನಾಗಿಯೇ ಅರ್ಥವಾಗುತ್ತದೆ. ಮೂವತ್ತೈದು ವರ್ಷದ ಮನುಷ್ಯ ಕೈಯಿಂದ ದುಡ್ಡು ಕೊಟ್ಟು, ನಿದ್ದೆ ಬಿಟ್ಟು ಸಮಾಜಶಾಸ್ತ್ರ ಓದುತ್ತೇನೆ ಅಂದರೆ ಅವನಿಗೆ ಕುರ್ಚಿ ಎಳೆದು ಕೂರಿಸಬೇಕೋ, ‘ನಿನ್ನ ಕಾಲ ಮುಗಿಯಿತು’ ಎನ್ನಬೇಕೋ?

ನಮ್ಮ ವಿಶ್ವವಿದ್ಯಾನಿಲಯಕ್ಕೆ ಇದು ಹೊಸ ಪ್ರಶ್ನೆಯೇನೂ ಅಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಸಂಸ್ಥೆ ಇದು. ಕಾಲೇಜಿನ ಮೆಟ್ಟಿಲು ಹತ್ತಲಾಗದವರ ಹತ್ತಿರಕ್ಕೆ ಕಾಲೇಜೇ ಹೋಗಬೇಕೆಂದು ಪ್ರಚಾರೋಪನ್ಯಾಸಗಳನ್ನು ನಡೆಸಿದವರು ಇಲ್ಲಿಯ ಮೇಷ್ಟ್ರುಗಳೇ. ಹಳ್ಳಿಗೆ ಹೋಗಿ, ಕನ್ನಡದಲ್ಲಿ ವಿಜ್ಞಾನವನ್ನೂ ಸಾಹಿತ್ಯವನ್ನೂ ಹೇಳಿ ಬಂದರು. ಆ ಉಪನ್ಯಾಸಗಳು ಚಿಕ್ಕ ಚಿಕ್ಕ ಪುಸ್ತಕಗಳಾಗಿಯೂ ಹೊರಬಂದವು. ಕುವೆಂಪು ಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ಶಿಕ್ಷಣಕ್ಕೆಂದೇ ಕುಕ್ಕರಹಳ್ಳಿ ಕೆರೆಯ ಆಚೆ ಜಾಗ ಗೊತ್ತಾಗಿ ‘ಮಾನಸಗಂಗೋತ್ರಿ’ ಎಂದು ಹೆಸರಾಯಿತು. 1969ರಲ್ಲಿ ಅಂಚೆ ಶಿಕ್ಷಣ ಶುರುವಾಯಿತು. ಪಾಠದ ಕಟ್ಟು ಪೋಸ್ಟ್‌ಮನ್ ಕೈಯಲ್ಲಿ ಮನೆಗೆ ಬರುವುದು, ರಜೆಯಲ್ಲಿ ಸಂಪರ್ಕ ತರಗತಿಗೆ ಹೋಗುವುದು. ಇವತ್ತು ನಿವೃತ್ತಿ ವೇತನ ಪಡೆಯುತ್ತಿರುವ ಎಷ್ಟೋ ಮಂದಿ ಮೇಷ್ಟ್ರು, ಗುಮಾಸ್ತರ ಮನೆ ಗೋಡೆಯ ಮೇಲಿರುವ ಘಟಿಕೋತ್ಸವದ ಫೋಟೊ ಆ ಅಂಚೆ ಪಾಠದ್ದೇ.

ಆ ಅಂಚೆ ಶಿಕ್ಷಣ ಸಂಸ್ಥೆಯೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎಂಬುದು ಅದರ ಘೋಷಣೆ. ಘೋಷಣೆಯಲ್ಲಿ ತಪ್ಪಿರಲಿಲ್ಲ. ‘ಎಲ್ಲೆಡೆ’ ಎಂಬ ಮಾತನ್ನು ಆಡಳಿತ ನಡೆಸಿದವರು ಅರ್ಥಮಾಡಿಕೊಂಡ ರೀತಿಯಲ್ಲಿ ಎಡವಟ್ಟಾಯಿತು. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಜೊತೆ ಸಹಯೋಗ, ದೂರ ಶಿಕ್ಷಣದಲ್ಲಿ ನಡೆಸಬಾರದ ತಾಂತ್ರಿಕ ಕೋರ್ಸು, ಎಲ್ಲವೂ ನಡೆದವು. 2015ರ ಜೂನ್ ತಿಂಗಳಲ್ಲಿ ಯು.ಜಿ.ಸಿ. ಬಹಿರಂಗ ಪ್ರಕಟಣೆ ಹೊರಡಿಸಿ, 2012-13ರ ಸಾಲಿನ ನಂತರ ಈ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲ ಎಂದುಬಿಟ್ಟಿತು. ಗಮನಿಸಿ: ಪ್ರಕಟಣೆ 2015ರದು, ಮಾನ್ಯತೆ ಹೋದದ್ದು 2013ರಿಂದ. ನಡುವೆ 2013-14 ಮತ್ತು 2014-15ರಲ್ಲಿ ಫೀಸು ಕಟ್ಟಿ ಸೇರಿದವರಿಗೆ ತಮ್ಮ ಕಾಲ ಕೆಳಗಿನ ನೆಲ ಕುಸಿದದ್ದೇ ಗೊತ್ತಿರಲಿಲ್ಲ.

ಗಡಿಯಾಚೆ ಅಂಗಡಿ ತೆರೆದವರು ಯಾರೋ, ದಂಡ ತೆತ್ತವರು ಬೇರೆ. ಬೇರೆ ರಾಜ್ಯದ ವ್ಯವಹಾರಕ್ಕೂ ನಂಜನಗೂಡಿನ ಮೇಡಮ್ಮನವರ ಕನ್ನಡ ಎಂ.ಎ.ಗೂ ಏನು ಸಂಬಂಧ? ಆಕೆ ಪುಸ್ತಕ ಓದಿದ್ದರು, ಸಂಪರ್ಕ ತರಗತಿಗೆ ಬಂದಿದ್ದರು, ಪರೀಕ್ಷೆ ಬರೆದಿದ್ದರು. ಆದರೂ ಅಂಕಪಟ್ಟಿ ಹಿಡಿದು ಕಚೇರಿಗೆ ಹೋದರೆ ‘ಇದು ನಡೆಯಲ್ಲ ಮೇಡಂ’ ಎಂಬ ಮಾತು. ಧರಣಿಯಾಯಿತು, ಮನವಿಪತ್ರಗಳಾದವು, ಕೋರ್ಟು ಕಚೇರಿಯೂ ಆಯಿತು. ಕೊನೆಗೆ 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮರಳಿ ಬಂತು. 2018-19ರಿಂದ ಮುಂದಕ್ಕೆ, ಅದೂ ಮೊದಲಿಗೆ 17 ಕೋರ್ಸುಗಳಿಗೆ. ನಡುವೆ ಹೋದ ವರ್ಷಗಳನ್ನು ಯಾವ ಆಯೋಗವೂ ವಾಪಸು ಕೊಡಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಹಿಂದೆ ಬಿದ್ದವರು ಹಿಂದೆಯೇ ಉಳಿದರು. ಸಣ್ಣ ಸಂಬಳದವರ ಪಾಲಿಗೆ ನಾಲ್ಕೈದು ವರ್ಷ ಅಂದರೆ ಮಗಳ ಮದುವೆಯ ದುಡ್ಡು, ಸೈಟಿನ ಕಂತು. ಆ ಲೆಕ್ಕವನ್ನು ಯಾರೂ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ ಬರೆಯುವುದಿಲ್ಲ.

ತಾಂತ್ರಿಕ ಪದವಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟೂ ಬಿದ್ದಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅಂಚೆಯ ಮೂಲಕ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಮೇಲೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ, ಆ ಡಿಗ್ರಿ ತೋರಿಸಿ ಕೆಲಸದಲ್ಲಿ ಮೇಲೇರಿದವರೂ ನಡುಗಿದರು.

ಈಗಿನ ಸ್ಥಿತಿ ಅಷ್ಟು ಕೆಟ್ಟದಿಲ್ಲ ಎಂಬುದನ್ನೂ ಹೇಳಬೇಕು. ಮಾನ್ಯತೆ ಇರುವ ಸಂಸ್ಥೆಯಿಂದ ದೂರ ಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಪಡೆದ ಪದವಿ, ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ ಎಂದು ಯು.ಜಿ.ಸಿ. 2022ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳುವ ಕೆಲಸ ಸೇರುವವರ ತಲೆಗೇ ಬಿದ್ದಿದೆ. ಯಾವ ವಿಶ್ವವಿದ್ಯಾನಿಲಯ, ಯಾವ ವಿಷಯ, ಯಾವ ಸಾಲು, ಈ ಮೂರಕ್ಕೂ ಅನುಮತಿ ಇರಬೇಕು. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದು ಮಾರುವ ಪ್ರತಿ ಕೋರ್ಸಿಗೂ ಇದೆ ಎಂದಲ್ಲ. ಯು.ಜಿ.ಸಿ.ಯ ದೂರಶಿಕ್ಷಣ ಮಂಡಳಿಯ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ನಿಮಗೆ ನೋಡಲು ಬಾರದಿದ್ದರೆ ಮನೆಯಲ್ಲಿ ಓದುವ ಹುಡುಗರಿದ್ದಾರಲ್ಲ, ಅವರ ಕೈಗೆ ಕೊಡಿ. 2024ರಿಂದ ಹೀಗೆ ಸೇರುವ ಪ್ರತಿಯೊಬ್ಬರೂ ಡೆಬ್ ಐ.ಡಿ. ಎಂಬ ಸಂಖ್ಯೆಯನ್ನೂ ಮಾಡಿಸಿಕೊಳ್ಳಬೇಕು. ಅದು ಬೇಡ, ನಾವು ನೋಡ್ಕೋತೀವಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಏಕೆಂದರೆ ಅವರ ಮಾತು ಬಲು ಸಿಹಿ. ‘ಸಾರ್, ನೀವೇನೂ ತಲೆ ಕೆಡಿಸ್ಕೋಬೇಡಿ. ಪುಸ್ತಕ ಮನೆಗೆ ಬರುತ್ತೆ. ಅಸೈನ್‌ಮೆಂಟು ನಾವೇ ಬರೆಸ್ತೀವಿ. ಪರೀಕ್ಷೆ ದಿನ ಬಂದು ಹೋದ್ರೆ ಸಾಕು’ ಅನ್ನುತ್ತಾರೆ. ಕೊನೆಗೆ ದಡ್ಡನಿಗೂ ಒಂದು ಪ್ರಶ್ನೆ ಹುಟ್ಟಬೇಕು: ಎಲ್ಲವನ್ನೂ ಅವರೇ ಮಾಡುವುದಾದರೆ ಡಿಗ್ರಿ ಮೇಲೆ ನಮ್ಮ ಹೆಸರೇಕೆ? ದೂರ ಶಿಕ್ಷಣದಲ್ಲಿ ಹೀಗೆ ಏಜೆನ್ಸಿ ಕೊಟ್ಟು ನಡೆಸುವುದಕ್ಕೆ ನಿಯಮದಲ್ಲಿ ಅವಕಾಶವೇ ಇಲ್ಲ. ದುಡ್ಡನ್ನು ವಿಶ್ವವಿದ್ಯಾನಿಲಯದ ಖಾತೆಗೆ ನೇರ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಸರಕು ಕೊಳ್ಳುವಾಗ ಬಿಲ್ಲು ಕೇಳುವ ನಮ್ಮ ವ್ಯಾಪಾರಿ ಮಿತ್ರರು ಮಗನ ಡಿಗ್ರಿ ಕೊಳ್ಳುವಾಗ ಮಾತ್ರ ಬಾಯಿಮಾತಿಗೆ ಹತ್ತಾರು ಸಾವಿರ ಎಣಿಸಿಕೊಡುವುದು ಯಾಕೋ ಗೊತ್ತಿಲ್ಲ.

ಇನ್ನು ನಮ್ಮ ಮುಖ್ಯ ಮಾತಿಗೆ ಬರೋಣ.

ಅಂಚೆ ಪಾಠವಾಗಲಿ, ಮೊಬೈಲ್ ಪಾಠವಾಗಲಿ, ದೂರದ ಊರಿನವರಿಗೆ, ಮನೆ ಬಿಟ್ಟು ಹೊರಡಲಾಗದ ಹೆಣ್ಣುಮಕ್ಕಳಿಗೆ ಅದೇ ದಾರಿ. ಅದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಅದರಲ್ಲಿ ಒಂದು ಕೊರತೆ ಇದ್ದೇ ಇದೆ. ಎಂ.ಎ. ಎಂದರೆ ಎದುರಿಗೆ ಒಬ್ಬ ಮೇಷ್ಟ್ರು ಇದ್ದು, ‘ಅದು ಹಾಗಲ್ಲ ಸಾರ್’ ಎಂದು ಶಿಷ್ಯ ತಕರಾರು ತೆಗೆದು, ಮೇಷ್ಟ್ರು ಇನ್ನೆರಡು ಪುಸ್ತಕದ ಹೆಸರು ಹೇಳಿ ಬಾಯಿ ಮುಚ್ಚಿಸುವ ವ್ಯವಹಾರ. ಸಿದ್ಧಪಾಠದ ಜೊತೆ ಜಗಳವಾಡಲು ಬರುವುದಿಲ್ಲ. ಸಂಪರ್ಕ ತರಗತಿಯ ನಾಲ್ಕು ದಿನದಲ್ಲಿ ಇಡೀ ವರ್ಷದ ಪಾಠ ಸುರಿದರೆ ಎಷ್ಟು ಇಳಿಯುತ್ತದೆ? ಉಳಿದದ್ದಕ್ಕೆ ಜೆರಾಕ್ಸ್ ಅಂಗಡಿಯ ಗೈಡೇ ಗತಿ. ಹಾಗೆ ಎಂ.ಎ. ಮುಗಿಸಿದವರು ನಾಳೆ ಪಿ.ಯು. ಹುಡುಗರ ಮುಂದೆ ನಿಂತಾಗ ಅದೇ ಗೈಡನ್ನೇ ಓದಿ ಹೇಳುತ್ತಾರೆ. ತಪ್ಪು ಅವರದ್ದೇ?

ಅತ್ತ ಮಾನಸಗಂಗೋತ್ರಿಯಲ್ಲಿ ಮೇಷ್ಟ್ರು, ಕೊಠಡಿ, ಗ್ರಂಥಾಲಯ ಎಲ್ಲವೂ ಇವೆ. ಬೋಗಾದಿ ರಸ್ತೆಗೂ ಹುಣಸೂರು ರಸ್ತೆಗೂ ನಡುವೆ ಮರದ ನೆರಳಿನಲ್ಲಿ ಚಾಚಿಕೊಂಡ ವಿಭಾಗಗಳು. ಪಕ್ಕದಲ್ಲೇ ಮುಕ್ತಗಂಗೋತ್ರಿ. ಆದರೆ ಎಂ.ಎ. ಪಾಠದ ಹೊತ್ತು ಮಾತ್ರ ಹಗಲು. ಊರೆಲ್ಲ ದುಡಿಯುವ ಹೊತ್ತಿನಲ್ಲೇ ಅಲ್ಲಿ ಪಾಠ. ಊರಿಗೆ ಪುರಸೊತ್ತಾಗುವ ಹೊತ್ತಿಗೆ ಆ ಕೊಠಡಿಗಳಲ್ಲಿ ಖಾಲಿ ಬೆಂಚು. ಇತ್ತೀಚೆಗಂತೂ ಮಾನವಿಕ ವಿಷಯಗಳ ಕೆಲವು ವಿಭಾಗಗಳಲ್ಲಿ ಸೀಟು ತುಂಬುವುದೇ ಕಷ್ಟವಾಗಿದೆ. ಹುಡುಗರು ಕಂಪ್ಯೂಟರು, ಕಾಮರ್ಸು ಕಡೆ ಹೋಗುತ್ತಾರೆ. ಒಂದು ಕಡೆ ಓದುವವರಿಲ್ಲ ಎಂಬ ಕೊರಗು, ಇನ್ನೊಂದು ಕಡೆ ಓದುತ್ತೇವೆ ಎನ್ನುವವರಿಗೆ ಹೊತ್ತಿಲ್ಲ. ಎರಡನ್ನೂ ಸೇರಿಸಲು ದೊಡ್ಡ ಆಯೋಗ ಬೇಕೇ? ವೇಳಾಪಟ್ಟಿ ಬದಲಾದರೆ ಸಾಲದೇ?

ಸಂಜೆ ಓದು ಎಂಬುದು ಈ ಊರು ಕಾಣದ ಸಂಗತಿಯೂ ಅಲ್ಲ. ಪದವಿಗೆ ವಿಶ್ವವಿದ್ಯಾನಿಲಯದ್ದೇ ಸಂಜೆ ಕಾಲೇಜು ಇದೆ. ಲಂಡನ್ನಿನಲ್ಲಿ ಬರ್ಕ್‌ಬೆಕ್ ಎಂಬ ಕಾಲೇಜು 1823ರಲ್ಲಿ ಕೈಕೆಲಸಗಾರರ ಸಲುವಾಗಿ ಹುಟ್ಟಿ, ಸಂಜೆಯ ಪಾಠಕ್ಕೇ ಹೆಸರಾಗಿದೆ. ನಮ್ಮ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾನಿಲಯಗಳೂ ಕೆಲಸದಲ್ಲಿರುವವರಿಗೆ ಶನಿವಾರ, ಭಾನುವಾರದ ಕೋರ್ಸು ಎಂದು ಬಣ್ಣದ ಜಾಹೀರಾತು ಹಾಕುತ್ತವೆ. ಒಳ್ಳೆಯದೇ. ಆದರೆ ಅಲ್ಲಿಯ ಫೀಸು ಕಂಪನಿ ಭರಿಸುವ ಸಾಹೇಬರಿಗೆ ಸರಿ, ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಯ ಗುಮಾಸ್ತರಿಗಲ್ಲ. ಅವರ ಮಟ್ಟದ ಫೀಸಿನಲ್ಲಿ ಪಾಠ ಹೇಳಬಲ್ಲದ್ದು ಸರ್ಕಾರಿ ವಿಶ್ವವಿದ್ಯಾನಿಲಯ ಒಂದೇ.

ಯಾವ ಹೊತ್ತು ಎಂಬುದನ್ನು ಮಾತ್ರ ಮೇಜಿನ ಹಿಂದೆ ಕೂತು ನಿರ್ಧರಿಸಬಾರದು. ಸಂಜೆ ಆರಕ್ಕೆ ತರಗತಿ ಎಂದರೆ ಕಚೇರಿಯವರು, ಬ್ಯಾಂಕಿನವರು, ಮೇಷ್ಟ್ರುಗಳು ಬಂದಾರು. ಅಂಗಡಿಯವರು ಹೇಗೆ ಬಂದಾರು? ಅವರಿಗೆ ಸಂಜೆಯೇ ವ್ಯಾಪಾರ. ಐದರಿಂದ ಒಂಬತ್ತರವರೆಗೆ ಗಲ್ಲಾ ಬಿಟ್ಟು ಏಳಲು ಯಾವ ಮಾಲೀಕರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾವೂ ಹೇಳುವುದಿಲ್ಲ. ಅಂಗಡಿ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ಒಂದು ತಂಡ ಮಾಡಿದರೆ ಅಂಗಡಿಯ ನೌಕರರೂ ಬರುತ್ತಾರೆ, ರಾತ್ರಿ ಪಾಳಿ ಇಲ್ಲದ ಕಾರ್ಖಾನೆಯವರಲ್ಲೂ ಕೆಲವರು ಬರುತ್ತಾರೆ. ಒಂದು ವಿಷಯಕ್ಕೆ ಬೆಳಗಿನ ತಂಡ, ಇನ್ನೊಂದಕ್ಕೆ ಸಂಜೆಯ ತಂಡ ಎಂದು ಶುರುಮಾಡಿ ನೋಡಲಿ.

ಲೆಕ್ಕವೂ ಕಷ್ಟದ್ದಲ್ಲ. ಹಗಲು ಎಂ.ಎ.ಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಪಾಠ ಎಂದಿಟ್ಟುಕೊಳ್ಳಿ, ಎರಡು ವರ್ಷ. ದಿನಕ್ಕೆ ಎರಡೂವರೆ ಗಂಟೆಯಂತೆ ವಾರಕ್ಕೆ ಐದು ದಿನ ಮಾಡಿದರೆ ಹನ್ನೆರಡೂವರೆ ಗಂಟೆ ಆಗುತ್ತದೆ. ಅದೇ ಪಾಠ ಮೂರು ವರ್ಷಕ್ಕೆ ಹರಡಿದರೆ ಹೆಚ್ಚೂ ಕಡಿಮೆ ಸರಿಹೋಗುತ್ತದೆ. ಕಡಿಮೆ ಬಿದ್ದದ್ದಕ್ಕೆ ನಡುನಡುವೆ ಒಂದೊಂದು ಭಾನುವಾರ. ಮೂರು ವರ್ಷವೇ ಎಂದು ಯಾರೂ ಮುಖ ಸಿಂಡರಿಸಲಾರರು. ಬಡ್ತಿಗೆ ಹತ್ತು ವರ್ಷ ಕಾದವರಿಗೆ ಇದು ಯಾವ ದೊಡ್ಡ ಮಾತು?

ಈಗ ಎಲ್ಲೆಲ್ಲೂ ಒಂದು ವರ್ಷದ ಎಂ.ಎ. ಎಂಬ ಮಾತು ಕೇಳಿಬರುತ್ತಿದೆ. ಅದನ್ನು ಕೇಳಿ ಯಾರೂ ಮೋಸಹೋಗಬಾರದು. ಯು.ಜಿ.ಸಿ. 2024ರಲ್ಲಿ ಹೊರತಂದ ಚೌಕಟ್ಟಿನಂತೆ ಅದು ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ. ಮೂರು ವರ್ಷದ ಬಿ.ಎ., ಬಿ.ಕಾಂ. ಮಾಡಿದ ನಮ್ಮ ಹಳಬರಿಗೆ ಎರಡು ವರ್ಷದ ಓದೇ. ಕರ್ನಾಟಕವಂತೂ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೇ ಹಿಂದಿರುಗಿದೆ. ಹಾಗಾಗಿ ಲೈಟು ಕಂಬದ ಮೇಲಿನ ‘ಒಂದೇ ವರ್ಷ’ ಬಹುಮಂದಿಗೆ ಸುಳ್ಳು.

ಅಧಿಕಾರಿಗಳು ಏನು ಹೇಳುತ್ತಾರೆ ಎಂದು ನಮಗೆ ಗೊತ್ತು. ‘ಅಧ್ಯಾಪಕರಿಲ್ಲ ಸ್ವಾಮಿ, ಹುದ್ದೆ ಖಾಲಿ ಬಿದ್ದಿವೆ, ಪಿಂಚಣಿ ಕೊಡುವುದಕ್ಕೇ ದುಡ್ಡಿಲ್ಲ.’ ಇದು ನೆಪವಲ್ಲ, ನಿಜವಾದ ಸಂಕಟ. ನಿವೃತ್ತರಾದವರ ಜಾಗಕ್ಕೆ ನೇಮಕಾತಿ ಇಲ್ಲದೆ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ವಿಭಾಗಗಳು ನಿಂತಿವೆ. ಸರ್ಕಾರ ಆ ಹುದ್ದೆಗಳನ್ನು ತುಂಬದೆ ಬೆಳಿಗ್ಗೆಯೂ ಪಾಠ ಮಾಡಿ, ಸಂಜೆಯೂ ಮಾಡಿ ಎಂದು ಇದ್ದವರನ್ನೇ ಹಿಂಡುವುದು ನ್ಯಾಯವಲ್ಲ. ಉನ್ನತ ಶಿಕ್ಷಣ ಸಚಿವರು ಯಾರೇ ಆಗಿರಲಿ, ಮೈಸೂರಿಗೆ ಬಂದಾಗಲೆಲ್ಲ ಶತಮಾನದ ವಿಶ್ವವಿದ್ಯಾನಿಲಯ ಎಂದು ಹೊಗಳಿ, ಶಾಲು ಹೊದ್ದು ಹೋಗುತ್ತಾರೆ. ಹೊಗಳಿಕೆಯ ಜೊತೆ ನೇಮಕಾತಿ ಆದೇಶವನ್ನೂ ತಂದರೆ ಶಾಲಿಗೂ ಮರ್ಯಾದೆ. ಅಲ್ಲಿಯವರೆಗೆ ನಿವೃತ್ತ ಪ್ರಾಧ್ಯಾಪಕರು ಈ ಊರಿನಲ್ಲಿ ಕಡಿಮೆಯೇ? ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರಲ್ಲೇ ಎರಡು ವಿಭಾಗಕ್ಕೆ ಸಾಕಾಗುವಷ್ಟು ಮಂದಿ ಸಿಗುತ್ತಾರೆ. ಗೌರವಧನ ಕೊಟ್ಟು, ಗೌರವದಿಂದ ಕರೆದರೆ ಇಲ್ಲವೆನ್ನಲಾರರು.

ಸಂಜೆ ತರಗತಿಯ ಅರ್ಧ ಭವಿಷ್ಯ ಬಸ್ಸಿನ ಕೈಯಲ್ಲಿದೆ. ಎಂಟೂವರೆಗೆ ಪಾಠ ಬಿಟ್ಟರೆ ಗಂಗೋತ್ರಿಯಿಂದ ಸಬರ್ಬನ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ನಂಜನಗೂಡು, ಹುಣಸೂರು, ನರಸೀಪುರದ ಗಾಡಿ ಹಿಡಿಯಬೇಕು. ಊರಿನ ಸ್ಟಾಪಿನಲ್ಲಿ ಇಳಿದು ಮತ್ತೆ ನಡೆಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಟಿಕೆಟ್ಟಿನ ಖರ್ಚು ಇಲ್ಲ. ಎಂ.ಎ. ಓದಲು ಬರುವ ಶಿಕ್ಷಕಿಗೆ, ನರ್ಸಮ್ಮನಿಗೆ ಇದು ದೊಡ್ಡ ಅನುಕೂಲ. ಆದರೆ ಬಸ್ಸೇ ಬಾರದಿದ್ದರೆ ಪುಕ್ಕಟೆ ಟಿಕೆಟ್ಟಿಗೆ ಏನು ಬೆಲೆ? ಗಂಗೋತ್ರಿಯ ಒಳರಸ್ತೆಗಳಲ್ಲಿ ರಾತ್ರಿ ದೀಪ ಉರಿಯಬೇಕು, ತರಗತಿ ಬಿಡುವ ಹೊತ್ತಿಗೆ ಬಾಗಿಲಲ್ಲೇ ಒಂದು ಸಿಟಿ ಬಸ್ಸು ನಿಂತಿರಬೇಕು. ಇಷ್ಟಾಗದೆ ಹೆಣ್ಣುಮಕ್ಕಳು ಸಂಜೆ ಪಾಠಕ್ಕೆ ಬರುತ್ತಿಲ್ಲ ಎಂದು ಆಮೇಲೆ ವರದಿ ಬರೆದರೆ ಆ ವರದಿ ಕಸದ ಬುಟ್ಟಿಗೆ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ನಿಮ್ಮ ಅಂಗಡಿಯಲ್ಲಿ ಓದುವ ಹುಡುಗನೋ ಹುಡುಗಿಯೋ ಇದ್ದರೆ ಪರೀಕ್ಷೆಯ ದಿನ ಬಿಡಿ. ‘ಡಿಗ್ರಿ ಆದ್ರೆ ಇವನು ನಮ್ಮತ್ರ ನಿಲ್ತಾನಾ?’ ಎಂಬ ಅಳುಕು ನಿಮಗಿರುವುದು ಸಹಜ. ನಿಲ್ಲದೇ ಹೋಗಬಹುದು. ನಿಂತಷ್ಟು ದಿನ ಲೆಕ್ಕ ಚೊಕ್ಕವಾಗಿರುತ್ತದೆ. ವಾರದ ರಜೆಯಂತೂ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ಅದನ್ನು ಕೊಡುವುದು ಉಪಕಾರವೇನಲ್ಲ. ಆ ರಜೆಯ ದಿನ ಸಂಪರ್ಕ ತರಗತಿಯ ದಿನಕ್ಕೆ ಹೊಂದುವಂತೆ ನೋಡಿಕೊಂಡರೆ ಅಷ್ಟೇ ಸಾಕು.

ಮುಕ್ತ ವಿಶ್ವವಿದ್ಯಾನಿಲಯದವರು ಕೂಡ ಕೈಕಟ್ಟಿ ಕೂರುವಂತಿಲ್ಲ. ಸಂಪರ್ಕ ತರಗತಿಯನ್ನು ಕಚೇರಿಯ ಕೆಲಸದ ದಿನ ಇಟ್ಟು, ಬಂದಿಲ್ಲ ಎಂದು ಹಾಜರಿಯಲ್ಲಿ ಕೆಂಪು ಗೆರೆ ಎಳೆದರೆ ಆ ‘ಮುಕ್ತ’ ಎಂಬ ಪದಕ್ಕೆ ಅರ್ಥವೇನು? ಮೈಸೂರು ವಿಶ್ವವಿದ್ಯಾನಿಲಯದ ಖಾಲಿ ಕೊಠಡಿ, ಮುಕ್ತ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ಇಬ್ಬರದೂ ಕಾಂಪೌಂಡಿಗೆ ಕಾಂಪೌಂಡು ತಾಗುವಷ್ಟು ಹತ್ತಿರ. ಗ್ರಂಥಾಲಯದ ಒಂದು ಚೀಟಿಯನ್ನಾದರೂ ಎರಡೂ ಕಡೆ ನಡೆಯುವಂತೆ ಮಾಡಬಾರದೇ? ಒಬ್ಬ ಕುಲಸಚಿವರು ಇನ್ನೊಬ್ಬ ಕುಲಸಚಿವರಿಗೆ ಒಂದು ಪತ್ರ ಬರೆದರೆ ಆಗುವ ಕೆಲಸ. ಪತ್ರ ಬೇಡ, ನಡೆದುಕೊಂಡೇ ಹೋಗಿ ಒಂದು ಕಪ್ಪು ಕಾಫಿ ಕುಡಿದು ಬರಬಹುದು.

ಮುಂದಿನ ಪ್ರವೇಶ ಪ್ರಕಟಣೆ ಹೊರಡುವ ಮುನ್ನ ವಿದ್ಯಾವಿಷಯಕ ಪರಿಷತ್ತು ಒಮ್ಮೆ ಕೂಡಲೇಬೇಕು. ಆ ಸಭೆಯ ಮುಂದೆ ಕುಲಪತಿಗಳು ಈ ವಿಷಯ ಇಡಲಿ. ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಈ ನಾಲ್ಕರಲ್ಲಿ ಯಾವುದಾದರೂ ಎರಡು. ಒಂದು ಬೆಳಿಗ್ಗೆ ಏಳಕ್ಕೆ, ಒಂದು ಸಂಜೆ ಆರಕ್ಕೆ. ತಲಾ ಮೂವತ್ತು ಸೀಟು. ಅರ್ಜಿ ಎಷ್ಟು ಬಂತು ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಲಿ. ಬಸ್ಸಿನ ವಿಚಾರ ಸಾರಿಗೆ ವಿಭಾಗೀಯ ನಿಯಂತ್ರಣಾಧಿಕಾರಿಗಳ ಮೇಜಿಗೆ ಸೇರಿದ್ದು. ರಾತ್ರಿ ಎಂಟೂಮುಕ್ಕಾಲಿಗೆ ಗಂಗೋತ್ರಿಯಿಂದ ಸಬರ್ಬನ್ ನಿಲ್ದಾಣಕ್ಕೆ ಒಂದು ಗಾಡಿ ಕೊಡುತ್ತಾರೋ ಇಲ್ಲವೋ, ಅವರೂ ಹೇಳಿಬಿಡಲಿ.